ಆಪತ್ಕಾಲದ ಆಯುಧ, ಆಷಾಢದ ತೇವ

ಆತ್ಮರಕ್ಷಣೆಗೆಂದು ಪಿಸ್ತೂಲನ್ನೋ ರಿವಾಲ್ವರನ್ನೋ ಕೊಳ್ಳಬಯಸುವ ಗೃಹಸ್ಥನು ಮೊತ್ತಮೊದಲು ಕೇಳುವ ಪ್ರಶ್ನೆ, ಯಾವ ಕಂಪನಿಯದು ಉತ್ತಮವೆಂಬುದು. ಎರಡನೆಯದು, ಅದರ ಗುಂಡಿನ ಹೊಡೆತ ಎಷ್ಟು ಬಲವಾದುದೆಂಬುದು. ಈ ಎರಡೂ ಅಸಂಗತವಾದ ಪ್ರಶ್ನೆಗಳಲ್ಲ. ಆದರೆ ವರ್ಷಾನುಗಟ್ಟಲೆ ಬೀರುವಿನ ಮೂಲೆಯಲ್ಲಿ ನಿಶ್ಚೇಷ್ಟಿತವಾಗಿ ಬಿದ್ದಿದ್ದು, ಬಹುಶಃ ಯಜಮಾನನ ಆಯುಷ್ಯದಲ್ಲಿ ಒಮ್ಮೆಯೂ ಬೇಕಾಗದೆ, ಬೇಕಾದರೆ ಮಾತ್ರ ಒಂದೆರಡು ಕ್ಷಣಗಳೊಳಗೆ ತಪ್ಪದೆ ನಡೆಯಬೇಕಾದ ಈ ವಿಚಿತ್ರ ಯಂತ್ರದ ವಿಷಯದಲ್ಲಿ, ಅವೆರಡಕ್ಕಿಂತಲೂ ಮುಂಚಿತವಾಗಿ ಕೇಳತಕ್ಕ ಪ್ರಶ್ನೆ ಬೇರೊಂದುಂಟು: ಟ್ರಿಗರನ್ನು ಎಳೆದಾಗ ಇದು ನಿಶ್ಚಯವಾಗಿ ಸಿಡಿಯುವುದೆ, ಎಳೆಯದಿದ್ದಾಗ ನಿಶ್ಚಯವಾಗಿ ಸುಮ್ಮನಿರುವುದೆ? ಈ ನಿಶ್ಚಯದ ಸ್ವಲ್ಪ ಭಾಗವನ್ನು ಮಾತ್ರ ಕಾರ್ಖಾನೆ ಕೊಡಬಲ್ಲುದು. ಉಳಿದುದು ತೋಟಾದ ವಯಸ್ಸನ್ನೂ ಗೋಡೆಯ ತೇವವನ್ನೂ ಯಜಮಾನನ ಮೈಗಳ್ಳತನವನ್ನೂ ಅವಲಂಬಿಸಿದ್ದು.

ನಮ್ಮ ದೇಶದಲ್ಲಿ ಆಯ್ಕೆಯ ಬಹುಭಾಗವನ್ನು ಕಾನೂನೇ ಮಾಡಿಟ್ಟಿದೆ. ಸೇನೆಯೂ ಪೋಲೀಸರೂ ಬಳಸುವ, ಅಥವಾ ಹಿಂದೆ ಬಳಸುತ್ತಿದ್ದ, 9 ಮಿ.ಮೀ., .38, .455 ಮೊದಲಾದ ಅಳತೆಗಳು 1959ರ ಶಸ್ತ್ರಾಸ್ತ್ರ ಕಾಯಿದೆಯ ವ್ಯವಸ್ಥೆಯಲ್ಲಿ ನಿಷಿದ್ಧವರ್ಗಕ್ಕೆ ಸೇರಿದವು. ಸಾಮಾನ್ಯ ಪರವಾನಗಿದಾರನ ಕೈಗೆ ಎಟುಕುವುವು ಮುಖ್ಯವಾಗಿ .32 ಮತ್ತು .22. 1980ರ ದಶಕದ ನಡುವಿನಿಂದೀಚೆಗೆ ಖಾಸಗಿ ಜನರು ಹೊರದೇಶದಿಂದ ಆಯುಧ ತರಿಸಿಕೊಳ್ಳುವ ದಾರಿ ಬಹುಮಟ್ಟಿಗೆ ಮುಚ್ಚಿಹೋದುದರಿಂದ, ಅದಕ್ಕೆ ಮೊದಲೇ ಒಳಬಂದಿದ್ದ ಇಂಗ್ಲೆಂಡಿನ ವೆಬ್ಲಿಗಳೂ ಜರ್ಮನಿಯ ವಾಲ್ಥರ್‌ಗಳೂ ಕೈಯಿಂದ ಕೈಗೆ ದಾಟುತ್ತ, ತಮ್ಮ ಯೋಗ್ಯತೆಗೆ ಸಂಬಂಧವೇ ಇಲ್ಲದ ಬೆಲೆಗೆ ಲಕ್ಷಗಳ ಲೆಕ್ಕದಲ್ಲಿ ಮಾರಾಟವಾಗುತ್ತಿರುವುದುಂಟು. 2019ರ ತಿದ್ದುಪಡಿಯ ಅನಂತರ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು.

ಪರವಾನಗಿಯ ಈ ನಿಯಮಕ್ಕೆ ಕರ್ನಾಟಕದೊಳಗೇ ಒಂದು ಪ್ರಸಿದ್ಧವಾದ ಅಪವಾದವಿದೆ. ಸಿಪಾಯಿದಂಗೆಯ ತರುವಾಯ ಆಂಗ್ಲರು ಇಡೀ ದೇಶವನ್ನು ನಿರಾಯುಧಗೊಳಿಸಲು ಹೊರಟಾಗ, ಕೊಡಗಿನ ಮುಖ್ಯ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು 1861ರಲ್ಲಿ ಕೊಡವರನ್ನು ಆ ನಿರಾಯುಧೀಕರಣದ ಶಾಸನದಿಂದ ಹೊರಗಿಟ್ಟನು. ಅಂದಿನಿಂದ ಕೊಡವ ಕುಲದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯ ಬಂಧನವಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಐನ್‌ಮನೆ ಎಂಬ ಕುಲದ ಮೂಲಮನೆಯ ಕೋವಿಗಳನ್ನು ತೊಳೆದು ತೊಡೆದು ಒಂದೆಡೆ ಇರಿಸಿ, ನಳಿಗೆಗೆ ತೋಕ್‌ಪೂ ಎಂಬ ಹೂವನ್ನು ಮುಡಿಸುವ ಸಂಪ್ರದಾಯವನ್ನು ಬಲ್ಲವರು, ವರ್ಷಕ್ಕೊಮ್ಮೆಯಾದರೂ ಮನೆಯ ಆಯುಧವನ್ನು ಬೆಳಕಿಗೆ ತಂದು ನೋಡಿಸುವ ಆ ಪದ್ಧತಿಯೊಳಗೆ ಪೂಜೆಯ ಜೊತೆಗೆ ಪಾಲನೆಯ ಜಾಣ್ಮೆಯೂ ಅಡಗಿದೆಯೆಂದು ಒಪ್ಪುವರು. ಬಯಲುಸೀಮೆಯ ಆಯುಧಪೂಜೆಯ ಬಗ್ಗೆ ಒಂದು ಮಾತನ್ನು ಮಾತ್ರ ಭಕ್ತರ ಕ್ಷಮೆ ಬೇಡಿ ಹೇಳಬೇಕಾಗಿದೆ: ನೆನೆದ ಸೇವಂತಿಗೆಯೂ ನೀರಿನಲ್ಲಿ ಕಲಸಿದ ಕುಂಕುಮವೂ ಉಕ್ಕಿಗೆ ಹಿತವಾದ ವಸ್ತುಗಳಲ್ಲ, ದೇವಿಗೆ ಸಲ್ಲಿಸಿದ್ದನ್ನು ಮಂಗಳಾರತಿಯಾದೊಡನೆ ಒಣಬಟ್ಟೆಯಿಂದ ಒರೆಸಿ ತೆಗೆಯುವುದರಿಂದ ಯಾವ ದೇವಿಯೂ ಮುನಿಯಲಾರಳು.

ಇನ್ನು ಆಯುಧದ ಜಾತಿಯ ವಿಚಾರ. 1836ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟನು ಹಕ್ಕುಪತ್ರ ಪಡೆದ ರಿವಾಲ್ವರಿಗೂ, ಆ ಶತಮಾನದ ಕೊನೆಯಲ್ಲಿ ಜಾನ್ ಬ್ರೌನಿಂಗನು ರೂಪಿಸಿ ಬೆಲ್ಜಿಯಮ್ಮಿನಲ್ಲಿ ತಯಾರಾದ ಸ್ವಯಂಚಾಲಿತ ಪಿಸ್ತೂಲಿಗೂ ಇರುವ ಅಂತರ ಕೇವಲ ಆಕಾರದ್ದಲ್ಲ. ರಿವಾಲ್ವರಿನಲ್ಲಿ ಪ್ರತಿಯೊಂದು ತೋಟಾಕ್ಕೂ ಅದರದೇ ಆದ ಕೋಣೆಯುಂಟು. ಆರು ಕೋಣೆಗಳ ಆ ಸಿಲಿಂಡರನ್ನು ತಿರುಗಿಸುವ ಶಕ್ತಿ ಬರುವುದು ಹಾರಿಸುವವನ ಬೆರಳಿನಿಂದಲೇ ಹೊರತು ಸಿಡಿದ ಮದ್ದಿನಿಂದಲ್ಲ. ಆದುದರಿಂದ ಒಂದು ತೋಟಾ ಹುಸಿಹೋದರೆ, ಯೋಚಿಸದೆ ಬೆದರದೆ ಇನ್ನೊಮ್ಮೆ ಟ್ರಿಗರನ್ನು ಎಳೆದರಾಯಿತು, ಮುಂದಿನದು ತಾನಾಗಿ ನಳಿಗೆಯ ನೇರಕ್ಕೆ ಬಂದು ನಿಲ್ಲುವುದು. ಪಿಸ್ತೂಲಿನಲ್ಲಾದರೋ, ಸಿಡಿದ ತೋಟಾದ ಒದೆತವೇ ಮೇಲಿನ ಸ್ಲೈಡನ್ನು ಹಿಂದಕ್ಕೆ ತಳ್ಳಬೇಕು, ಖಾಲಿ ಚಿಪ್ಪನ್ನು ಕೊಕ್ಕೆ ಹಿಡಿದೆಳೆದು ಹೊರಗೆಸೆಯಬೇಕು, ಸ್ಪ್ರಿಂಗು ಸ್ಲೈಡನ್ನು ಮತ್ತೆ ಮುಂದೂಡಬೇಕು, ಮುಂದೆ ಬರುವಾಗ ಅದು ಮ್ಯಾಗಜೀನಿನ ಮೇಲ್ತುದಿಯಿಂದ ಹೊಸ ತೋಟಾವೊಂದನ್ನು ನೂಕಿಕೊಂಡು ನಳಿಗೆಯೊಳಗೆ ಸೇರಿಸಬೇಕು. ಕಣ್ಣೆವೆ ಮುಚ್ಚುವುದರೊಳಗೆ ನಡೆದುಹೋಗುವ ಈ ಸರಣಿಯಲ್ಲಿ ಒಂದು ಕೊಂಡಿ ಕಳಚಿದರೂ ಯಂತ್ರ ನಿಂತುಹೋಗುವುದು. ಕಳಚುವ ಕೊಂಡಿ ಬಹುಪಾಲು ಸಂದರ್ಭಗಳಲ್ಲಿ ಮ್ಯಾಗಜೀನು. ತೆಳುತಗಡಿನ ಆ ಪೆಟ್ಟಿಗೆಯ ತುಟಿ ಎಂದೋ ಕೆಳಗೆ ಬಿದ್ದು ಕೂದಲೆಳೆಯಷ್ಟು ಸೊಟ್ಟಗಾಗಿರುವುದು, ಅಥವಾ ಸ್ಪ್ರಿಂಗು ಸೋತಿರುವುದು. ಕಾರಣ ಮಾತ್ರ ಕಣ್ಣಿಗೆ ಬೀಳದು.

.32 ಪಿಸ್ತೂಲಿನ ತೋಟಾಕ್ಕೆ ಇನ್ನೊಂದು ವಿಶೇಷ ದೋಷವುಂಟು. ಅದರ ಬುಡದ ಅಂಚು ಮೈಗಿಂತ ತುಸು ಹೊರಚಾಚಿರುವುದರಿಂದ, ಮ್ಯಾಗಜೀನಿನೊಳಗೆ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿ ಕುಳಿತರೆ ಎರಡೂ ಒಂದಕ್ಕೊಂದು ಬೀಗ ಹಾಕಿಕೊಂಡಂತಾಗಿ ಮೇಲೇರಲಾರವು. ತುಂಬುವಾಗ ಪ್ರತಿಯೊಂದು ತೋಟಾದ ಅಂಚೂ ತನ್ನ ಕೆಳಗಿನದಕ್ಕಿಂತ ಮುಂದಿರುವಂತೆ ನೋಡಿಕೊಂಡರೆ ಈ ತೊಡಕು ಬಹಳಮಟ್ಟಿಗೆ ತಪ್ಪುವುದು. ಇದೇ ಸಂದರ್ಭದಲ್ಲಿ, ಪರವಾನಗಿಯ ಪುಸ್ತಕದಲ್ಲಿ ಎರಡಕ್ಕೂ .32 ಎಂದೇ ಬರೆದಿದ್ದರೂ, ಪಿಸ್ತೂಲಿನ .32 ತೋಟಾ ಬೇರೆ, ರಿವಾಲ್ವರಿನ .32 ತೋಟಾ ಬೇರೆ, ಒಂದರದು ಇನ್ನೊಂದಕ್ಕೆ ಸಲ್ಲದು ಎಂಬುದನ್ನೂ ಹೊಸಬರು ನೆನಪಿನಲ್ಲಿಡಬೇಕು.

ಹಾಗೆಂದು ರಿವಾಲ್ವರು ನಿರ್ದೋಷಿಯಲ್ಲ. ಅದು ಕೆಡುವುದು ಅಪರೂಪ. ಕೆಟ್ಟರೆ ಮಾತ್ರ ರಿಪೇರಿಯ ಮೇಜಿನ ಮೇಲಲ್ಲದೆ ಸರಿಹೋಗದು. ಖಾಲಿ ಚಿಪ್ಪುಗಳನ್ನು ಮೇಲೆತ್ತುವ ನಕ್ಷತ್ರಾಕಾರದ ಬಿಲ್ಲೆಯ ಕೆಳಗೆ ಅರೆಬೆಂದ ಮದ್ದಿನ ನಾಲ್ಕು ಕಾಳು ಸೇರಿಕೊಂಡರೂ ಸಿಲಿಂಡರು ಬಿಗಿದುಕೊಳ್ಳುವುದು. ಸಡಿಲವಾಗಿ ಕೂರಿಸಿದ ಗುಂಡು ಹಿಂದಿನ ಏಟಿನ ಒದೆತಕ್ಕೆ ಚಿಪ್ಪಿನಿಂದ ಮುಂದೆ ಸರಿದು ಚಾಚಿದರೆ ಅದು ತಿರುಗುವುದೇ ಇಲ್ಲ. ಇಷ್ಟಾದರೂ, ವರ್ಷಕ್ಕೆ ಕೆಲವೇ ಸಲ ಆಯುಧವನ್ನು ಕೈಗೆ ತೆಗೆದುಕೊಳ್ಳುವ, ಕೈಚಳಕದ ಅಭ್ಯಾಸಕ್ಕೆ ಅವಕಾಶವಾಗಲಿ ತೋಟಾಗಳಾಗಲಿ ಸಾಲದ ನಮ್ಮ ಸಾಮಾನ್ಯ ಪರವಾನಗಿದಾರನಿಗೆ ರಿವಾಲ್ವರೇ ಲೇಸೆಂಬುದು ನನ್ನ ಅಭಿಪ್ರಾಯ. ಪಿಸ್ತೂಲು ವಿದ್ಯಾರ್ಥಿಯಂಥವನನ್ನು ಬೇಡುತ್ತದೆ, ದಿನದಿನವೂ ಪಾಠ ಒಪ್ಪಿಸುವವನನ್ನು.

ಕಾನ್ಪುರದ ಸರ್ಕಾರಿ ಕಾರ್ಖಾನೆಗಳು ಬಹುಕಾಲದಿಂದ ಮಾಡುತ್ತಿರುವ .32 ರಿವಾಲ್ವರು ಹಳೆಯ ವೆಬ್ಲಿಯ ಮಾದರಿಯದು: ಬೆನ್ನಿನ ಚಿಲಕ ತೆಗೆದು ನಳಿಗೆಯನ್ನು ಕೆಳಕ್ಕೆ ಮಡಚಿದರೆ ಖಾಲಿ ಚಿಪ್ಪುಗಳೆಲ್ಲ ಒಟ್ಟಿಗೇ ಮೇಲೆದ್ದು ಬರುವುವು. 2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ದಾರುಣ ಘಟನೆಯ ಅನಂತರ, 2014ರಲ್ಲಿ, ಮಹಿಳೆಯರಿಗೆಂದು ಹೊರತಂದ ‘ನಿರ್ಭೀಕ್’ ಅದೇ ವಂಶದ್ದು. ತೂಕ ಸುಮಾರು 500 ಗ್ರಾಂ, ಬೆಲೆ ಆಗಲೇ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿಗಳನ್ನು ಮೀರಿತ್ತು. 2023ರಲ್ಲಿ ಬಂದ ‘ಪ್ರಬಲ್’ ಎಂಬುದರ ಸಿಲಿಂಡರು ಪಕ್ಕಕ್ಕೆ ಹೊರಳುವಂಥದು, ತೂಕ 700 ಗ್ರಾಮಿನಷ್ಟು. ಹಗುರವಾದುದು ಚೀಲದಲ್ಲಿ ಸುಖ. ಆದರೆ ಅದೇ ತೋಟಾದ ಒದೆತ ಹಗುರವಾದ ಆಯುಧದಲ್ಲಿ ಹೆಚ್ಚಾಗಿ ಕೈಗೆ ತಟ್ಟುವುದೆಂಬ ಭೌತಶಾಸ್ತ್ರವನ್ನು ಜಾಹೀರಾತುಗಳು ಹೇಳುವುದಿಲ್ಲ. ಹೀಗಾಗಿ ಕೊಳ್ಳುವ ಮೊದಲು, ಮುದ್ರೆಯ ಹೆಸರಿಗಿಂತ, ಹಿಡಿ ತನ್ನ ಅಂಗೈಗೆ ಕೂರುವುದೆ, ಕುದುರೆಯನ್ನು, ಎಂದರೆ ಹ್ಯಾಮರನ್ನು, ಹಿಂದಕ್ಕೆಳೆದಿಡದೆ ಬರಿಯ ಟ್ರಿಗರಿನಿಂದ ಹಾರಿಸುವಾಗ ಬೇಕಾಗುವ ಆ ಉದ್ದನೆಯ ಭಾರವಾದ ಎಳೆತವನ್ನು ನಳಿಗೆ ಅಲುಗದಂತೆ ತನ್ನ ಬೆರಳು ನಿರ್ವಹಿಸಬಲ್ಲುದೆ ಎಂಬುದನ್ನು, ಅಂಗಡಿಯವನ ಅನುಮತಿ ಪಡೆದು, ಖಾಲಿಯಾಗಿರುವುದನ್ನು ತಾನೇ ಕಣ್ಣಾರೆ ನೋಡಿ ಖಚಿತಪಡಿಸಿಕೊಂಡು, ಪರೀಕ್ಷಿಸತಕ್ಕದ್ದು.

.32ರ ಹೊಡೆತ ಸಾಲದೆಂದು ಮೂಗು ಮುರಿಯುವವರಿಗೆ ಒಂದು ಇತಿಹಾಸವನ್ನು ನೆನಪಿಸಬಹುದು. ಮುಂದೆ ರಾಷ್ಟ್ರಾಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟನು 1896ರಲ್ಲಿ ನ್ಯೂಯಾರ್ಕ್ ನಗರದ ಪೋಲೀಸ್ ಆಡಳಿತದ ಮುಖ್ಯಸ್ಥನಾಗಿದ್ದಾಗ, ತನ್ನ ಪೇದೆಗಳಿಗೆ ಕೊಡಿಸಿದ್ದು .32 ಅಳತೆಯ ಕೋಲ್ಟ್ ರಿವಾಲ್ವರನ್ನೇ. ಜೊತೆಗೆ ಅವರಿಗೆ ಗುರಿಯ ಶಿಕ್ಷಣವನ್ನೂ ಏರ್ಪಡಿಸಿದನು. ಎರಡನೆಯದೇ ಮುಖ್ಯ. ಗುರಿ ತಪ್ಪಿ ಗೋಡೆಗೆ ತಗುಲಿದ ದೊಡ್ಡ ಗುಂಡಿನಿಂದ ಮನೆಯವರಿಗೇ ಅಪಾಯ. .22ರ ವಿಷಯದಲ್ಲಿ ನನ್ನ ಆಕ್ಷೇಪ ಬೇರೆ ಬಗೆಯದು: ಅದರ ಸಿಡಿಮದ್ದು ನಡುವಿನ ಕೇಪಿನಲ್ಲಿರದೆ ಬುಡದ ಅಂಚಿನ ಸುತ್ತ ತೆಳುವಾಗಿ ಹರಡಿರುವುದರಿಂದ, ಎಲ್ಲಿಯೋ ಒಂದೆಡೆ ಅದು ವಿರಳವಾಗಿದ್ದು ಏಟು ಅಲ್ಲಿಗೇ ಬಿದ್ದರೆ ತೋಟಾ ಹುಸಿಯಾಗುವುದು. ಗುರಿಯ ಅಭ್ಯಾಸಕ್ಕೆ ಅದಕ್ಕಿಂತ ಅಗ್ಗವಾದುದೂ ಹಿತವಾದುದೂ ಇಲ್ಲ. ಪ್ರಾಣ ಒತ್ತೆಯಿಡುವ ಸಮಯಕ್ಕೆ ಅದು ಎರಡನೆಯ ಆಯ್ಕೆ.

ಹಳೆಯ ರಿವಾಲ್ವರನ್ನು ಕೊಳ್ಳುವವನು ಹೊಳಪಿಗೆ ಮರುಳಾಗಬಾರದು. ಹೊಸ ಬಣ್ಣ ಹಾಕಿಸಿದ ಹಳೆಯ ಆಯುಧ ಅನೇಕ ವೇಳೆ ತುಕ್ಕಿನ ಕುಳಿಗಳನ್ನು ಮುಚ್ಚಿಕೊಂಡಿರುತ್ತದೆ. ನಳಿಗೆಯೊಳಗಿನ ಸುರುಳಿಗೆರೆಗಳು ಬೆಳಕಿಗೆ ಹಿಡಿದಾಗ ಹರಿತವಾಗಿ ಕಾಣಬೇಕು. ಕುದುರೆ ಪೂರ್ಣವಾಗಿ ಹಿಂದೆ ನಿಂತಾಗ ಸಿಲಿಂಡರು ಅತ್ತಿತ್ತ ಅಲ್ಲಾಡಬಾರದು. ಅಲ್ಲಾಡಿದರೆ ಕೋಣೆಯೂ ನಳಿಗೆಯೂ ಒಂದೇ ನೇರಕ್ಕೆ ಬರುತ್ತಿಲ್ಲವೆಂದೂ, ಹಾರಿಸಿದಾಗ ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುವುವೆಂದೂ ತಿಳಿಯಬೇಕು. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಗುರುತರವಾದುದು. ಹಳೆಯ ಕಾಲದ ಅನೇಕ ರಿವಾಲ್ವರುಗಳಲ್ಲಿ ಕುದುರೆಯ ಮೂತಿ ತೋಟಾದ ಕೇಪಿನ ಮೇಲೆಯೇ ವಿಶ್ರಮಿಸುವುದರಿಂದ, ಆಯುಧ ಕೈಜಾರಿ ನೆಲಕ್ಕೆ ಬಿದ್ದರೆ ತಾನಾಗಿ ಸಿಡಿಯಬಲ್ಲುದು. ಅಂಥವುಗಳಲ್ಲಿ ಕುದುರೆಯ ಕೆಳಗಿನ ಕೋಣೆಯನ್ನು ಖಾಲಿ ಬಿಟ್ಟು ಐದನ್ನೇ ತುಂಬುವುದು ಹಿಂದಿನವರ ಪದ್ಧತಿ. ಒಂದು ಗುಂಡು ಕಡಿಮೆಯಾಯಿತೆಂದು ಕೊರಗುವವನು ಅಂಥ ಆಯುಧವನ್ನು ಕೊಳ್ಳದಿರುವುದೇ ಒಳ್ಳೆಯದು.

ಈಗ ಮಳೆಗಾಲಕ್ಕೆ ಬರೋಣ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಗಿಲಾದ ಮಳೆ. ಮಡಿಕೇರಿಯಲ್ಲಿಯೂ ತೀರ್ಥಹಳ್ಳಿಯಲ್ಲಿಯೂ ಆಷಾಢದ ತಿಂಗಳಲ್ಲಿ ಪುಸ್ತಕದ ರಟ್ಟಿಗೆ ಬೂಸಲು ಹಿಡಿಯುವುದನ್ನೂ ಬೀರುವಿನೊಳಗಿನ ಚಪ್ಪಲಿ ಬೆಳ್ಳಗಾಗುವುದನ್ನೂ ಎಲ್ಲರೂ ಕಂಡಿದ್ದಾರೆ. ಆ ಬೀರುವಿನಲ್ಲಿಯೇ, ಚರ್ಮದ ಒರೆಯೊಳಗೆ ಭದ್ರವಾಗಿ ಸೇರಿಸಿಟ್ಟ ರಿವಾಲ್ವರಿಗೆ ಏನಾಗುತ್ತಿರಬಹುದೆಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ. ಚರ್ಮವು ಗಾಳಿಯ ತೇವವನ್ನು ಹೀರಿ ಹಿಡಿದಿಡುತ್ತದೆ. ಹದಮಾಡುವಾಗ ಅದರಲ್ಲಿ ಉಳಿದ ಆಮ್ಲ ಲವಣಗಳು ಆ ತೇವದೊಡನೆ ಕೂಡಿ ಉಕ್ಕಿಗೆ ತುಕ್ಕನ್ನೂ, ತೋಟಾದ ಹಿತ್ತಾಳೆಗೆ ಹಸಿರು ಕಿಲುಬನ್ನೂ ತರುತ್ತವೆ. ಕಿಲುಬು ಕಟ್ಟಿದ ತೋಟಾ ಕೋಣೆಯೊಳಗೆ ಸರಿಯಾಗಿ ಕೂರದು, ಕೂತರೆ ಹೊರಬಾರದು. ಆದುದರಿಂದ ಒರೆ ಹೊರುವುದಕ್ಕೆ, ಇಡುವುದಕ್ಕಲ್ಲ. ಇಡುವಾಗ ಒರೆಯಿಂದ ತೆಗೆದು, ತೆಳ್ಳಗೆ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಬೀಗವಿರುವ ಉಕ್ಕಿನ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಹರಳಿನ ಒಂದು ದೊಡ್ಡ ಚೀಲದೊಡನೆ ಇರಿಸಬೇಕು. ಆ ಹರಳುಗಳನ್ನು ಆಗಾಗ ಕಾಯಿಸಿ ಒಣಗಿಸದಿದ್ದರೆ ಅವುಗಳಿಂದಲೂ ಪ್ರಯೋಜನವಿಲ್ಲ.

ಎಣ್ಣೆಯೆಂದೊಡನೆ ನಮ್ಮವರ ಕೈ ತೆಂಗಿನೆಣ್ಣೆಯ ಸೀಸೆಗೆ ಹೋಗುವುದು. ಅದು ತಲೆಗೂ ಒಗ್ಗರಣೆಗೂ ತಕ್ಕುದೇ ಹೊರತು ಯಂತ್ರಕ್ಕಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಮುಂಜಾವಿಗಂತೂ ಅಷ್ಟು ಶಾಖ ಎಂದೂ ಇರದು. ಸಸ್ಯಜನ್ಯವಾದ ಇತರ ಎಣ್ಣೆಗಳು ಗಾಳಿಗೆ ಒಣಗಿ ಅಂಟಾಗುತ್ತವೆ. ಆಯುಧಕ್ಕೆಂದೇ ಮಾರುವ ಎಣ್ಣೆ ಸಿಕ್ಕದಿದ್ದಾಗ ಹೊಲಿಗೆಯಂತ್ರದ ತಿಳಿಯಾದ ಖನಿಜತೈಲ ವಾಸಿ. ಅದೂ ಕೂಡ ಹನಿ ಲೆಕ್ಕದಲ್ಲಿ: ಹೆಚ್ಚಾದ ಎಣ್ಣೆ ಧೂಳನ್ನು ಹಿಡಿಯುತ್ತದೆ, ಸಂದಿಗಳಲ್ಲಿ ಇಳಿದು ತೋಟಾದ ಕೇಪಿನೊಳಗೆ ಜಿನುಗಿ ಅದರ ಮದ್ದನ್ನು ನಿರ್ಜೀವಗೊಳಿಸುತ್ತದೆ. ಆಯುಧಕ್ಕೆ ಎಣ್ಣೆ ಹಾಕಿ ತೋಟಾಗಳಿಗೂ ಒಂದಿಷ್ಟು ಸವರುವ ಶ್ರದ್ಧಾವಂತರು, ತಮ್ಮ ಕೈಯಾರೆ ತೋಟಾಗಳನ್ನು ಕೊಲ್ಲುತ್ತಿರುತ್ತಾರೆ.

ಶುದ್ಧೀಕರಣದ ಕ್ರಮ ಕಷ್ಟವಾದುದಲ್ಲ. ಮೊದಲು ತೋಟಾಗಳನ್ನೆಲ್ಲ ತೆಗೆದು ಮನೆಯ ಬೇರೊಂದು ಕೋಣೆಯಲ್ಲಿರಿಸಿ, ಸಿಲಿಂಡರಿನ ಕೋಣೆಕೋಣೆಯನ್ನೂ ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಬೇಕು; ಪಿಸ್ತೂಲಾದರೆ ಮ್ಯಾಗಜೀನನ್ನು ತೆಗೆದ ಮಾತ್ರಕ್ಕೆ ಖಾಲಿಯಾಯಿತೆಂದು ನಂಬದೆ, ನಳಿಗೆಯಲ್ಲಿ ಒಂದು ಉಳಿದಿರುವುದೆಂದೇ ಭಾವಿಸಿ ಸ್ಲೈಡನ್ನು ಎಳೆದು ಪರೀಕ್ಷಿಸಬೇಕು. ಮನೆಗಳಲ್ಲಿ ನಡೆಯುವ ಅನಾಹುತಗಳಲ್ಲಿ ‘ಖಾಲಿಯೆಂದುಕೊಂಡಿದ್ದೆ’ ಎಂಬ ಮಾತು ಬಾರದ ಪ್ರಸಂಗ ಕಡಿಮೆ. ಆಮೇಲೆ ಹಿತ್ತಾಳೆಯ ಬ್ರಷ್ಷಿಗೆ ಮಸಿ ಕರಗಿಸುವ ದ್ರಾವಣ ತಾಗಿಸಿ ನಳಿಗೆಯನ್ನೂ ಕೋಣೆಗಳನ್ನೂ ಉಜ್ಜಿ, ಬಟ್ಟೆಯ ತುಂಡು ಬೆಳ್ಳಗೆ ಹೊರಬರುವವರೆಗೆ ಒರೆಸಿ, ನಕ್ಷತ್ರಬಿಲ್ಲೆಯ ಅಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿ, ಕೊನೆಗೆ ಎಣ್ಣೆಯ ಬಟ್ಟೆಯನ್ನಾಡಿಸಿದರೆ ಮುಗಿಯಿತು. ಹಿಂದಿನ ಬೇಟೆಗಾರರು ನಳಿಗೆಗೆ ಕುದಿಯುವ ನೀರನ್ನು ಹೊಯ್ಯುತ್ತಿದ್ದುದನ್ನು ಕೇಳಿ ನಗುವವರುಂಟು. ಅದು ಅವಿವೇಕವಲ್ಲ; ಅಂದಿನ ಕೇಪುಗಳು ಸಿಡಿದಾಗ ಉಳಿಯುತ್ತಿದ್ದ ಪೊಟ್ಯಾಸಿಯಂ ಕ್ಲೋರೈಡ್ ಅಡುಗೆಯುಪ್ಪಿನ ಸೋದರ, ಗಾಳಿಯ ನೀರನ್ನೆಳೆದು ರಾತ್ರಿ ಕಳೆಯುವುದರೊಳಗೆ ತುಕ್ಕು ತರಿಸುವಂಥದು, ಎಣ್ಣೆಯಲ್ಲಿ ಕರಗದೆ ನೀರಿನಲ್ಲಿ ಮಾತ್ರ ಕರಗುವಂಥದು. ಈಗಿನ ಕೇಪುಗಳಲ್ಲಿ ಸಾಮಾನ್ಯವಾಗಿ ಆ ಉಪ್ಪಿಲ್ಲ. ಇಂದು ಬಾಧಿಸುವುದು ಬೆರಳಿನ ಬೆವರು. ಮುಟ್ಟಿದಾಗಲೆಲ್ಲ ಒರೆಸಿಯೇ ಇಡತಕ್ಕದ್ದು.

ತೋಟಾಗಳಿಗೂ ಆಯುಷ್ಯವುಂಟು. ಒಣಗಿದ ತಂಪಾದ ಎಡೆಯಲ್ಲಿ ದಶಕಗಳ ಕಾಲ ಬಾಳುವ ತೋಟಾ, ಬಿಸಿಲಿನಲ್ಲಿ ನಿಂತ ಕಾರಿನೊಳಗೂ ಬೆವರಿನ ಜೇಬಿನಲ್ಲಿಯೂ ಬೇಗ ಕೆಡುವುದು. ಪಿಸ್ತೂಲಿನಲ್ಲಿ ಅದೇ ತೋಟಾವನ್ನು ಹೊರತೆಗೆದು ಮತ್ತೆಮತ್ತೆ ತುಂಬುತ್ತಿದ್ದರೆ ಗುಂಡು ಚಿಪ್ಪಿನೊಳಕ್ಕೆ ಕುಸಿದು, ಹಾರಿಸಿದಾಗ ಒಳಗಿನ ಒತ್ತಡ ಅಪಾಯಕರವಾಗಿ ಏರಬಹುದು. ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದನ್ನು ಪರವಾನಗಿಯಲ್ಲಿಯೇ ನಮೂದಿಸಿರುತ್ತಾರೆ; ಆ ಅಲ್ಪವನ್ನೂ ಬಹುಮಂದಿ ಜಿಪುಣನ ಚಿನ್ನದಂತೆ ಕೂಡಿಡುವರು. ಹಾಗೆ ಮಾಡದೆ, ವರ್ಷ ಹಳೆಯದಾದುದನ್ನು ಅಧಿಕೃತವಾದ ಗುರಿಮೈದಾನದಲ್ಲಿ ಹಾರಿಸಿ ಹೊಸದನ್ನು ತುಂಬಿದರೆ, ತೋಟಾ ತಾಜಾ ಇರುವುದಲ್ಲದೆ ಕೈಗೂ ಅಭ್ಯಾಸ ದೊರೆಯುವುದು, ತನ್ನ ಆಯುಧ ತನ್ನ ತೋಟಾದೊಡನೆ ಹೊಂದುವುದೋ ಇಲ್ಲವೋ ಎಂಬುದೂ ಗೊತ್ತಾಗುವುದು. ಆಕಾಶಕ್ಕೆ ಹಾರಿಸಿ ಮದುವೆಯ ದಿಬ್ಬಣವನ್ನು ಮೆರೆಸುವುದು ಮಾತ್ರ ಅಭ್ಯಾಸವಲ್ಲ. 2019ರಿಂದ ಅದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸವುಂಟು.

ಚುನಾವಣೆಯ ಕಾಲದಲ್ಲಿ ಪೋಲೀಸ್ ಠಾಣೆಯಲ್ಲಿ ಆಯುಧವನ್ನು ಠೇವಣಿ ಇಡಬೇಕಾಗಿ ಬಂದವರು, ಕೊಡುವ ಮುನ್ನ ಒಳಹೊರಗನ್ನು ಒರೆಸಿ ತುಸು ದಪ್ಪವಾಗಿಯೇ ಎಣ್ಣೆ ಸವರಿ ರಸೀತಿ ಪಡೆಯುವುದು, ಮರಳಿ ತಂದಾಗ ಆ ಎಣ್ಣೆಯನ್ನೆಲ್ಲ ತೆಗೆದು ಮತ್ತೆ ಪರೀಕ್ಷಿಸುವುದು ವಿವೇಕ. ರಾಶಿಯೊಳಗೆ ಒಂದಾಗಿ ವಾರಗಟ್ಟಲೆ ಬಿದ್ದಿರುವ ಆಯುಧದ ಮೇಲೆ ಯಾರ ವಿಶೇಷ ವಾತ್ಸಲ್ಯವನ್ನೂ ನಿರೀಕ್ಷಿಸಲಾಗದು.

ಆಯುಧ ಕೆಲಸ ಮಾಡಿದ ಮೇಲಿನ ವಿಚಾರವೂ ಆಯ್ಕೆಗೆ ಸೇರಿದ್ದೇ. ಆತ್ಮರಕ್ಷಣೆಯ ಹಕ್ಕು ಹಿಂದೆ ಭಾರತೀಯ ದಂಡಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿದ್ದು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ನೆಲಸಿದೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಅದು ಮನ್ನಿಸದು. ಪೋಲೀಸರ ಆಶ್ರಯ ಪಡೆಯಲು ಸಮಯವಿದ್ದಾಗ ಆ ಹಕ್ಕೇ ಇಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದವನು ನ್ಯಾಯಾಲಯದಲ್ಲಿ ಆರೋಪಿಯ ಕಟಕಟೆಯಲ್ಲಿ ನಿಲ್ಲಬೇಕಾದೀತು. ಮನೆಯೊಳಗಿನ ಅಪಾಯವನ್ನೂ ಮರೆಯಬಾರದು: ಅಮೆರಿಕದ ಆರ್ಥರ್ ಕೆಲ್ಲರ್‌ಮನ್ ಎಂಬ ವೈದ್ಯನೂ ಅವನ ಸಂಗಡಿಗರೂ 1993ರಲ್ಲಿ ಪ್ರಕಟಿಸಿ ಇಂದಿಗೂ ವಾದಕ್ಕೆ ಗುರಿಯಾಗಿರುವ ಅಧ್ಯಯನವು, ಬಂದೂಕಿರುವ ಮನೆಗಳಲ್ಲಿ ಕೊಲೆಯ ಸಂಭವ ಹೆಚ್ಚೆಂದೂ, ಕೊಂದವರು ಬಹುಪಾಲು ಮನೆಯವರೋ ಪರಿಚಿತರೋ ಆಗಿದ್ದರೆಂದೂ ಕಂಡಿತು. ಕುಡಿತವೋ ಜಗಳವೋ ಖಿನ್ನತೆಯೋ ನೆಲೆಸಿರುವ ಮನೆಗೆ ಅತ್ಯುತ್ತಮವಾದ ರಿವಾಲ್ವರು ಯಾವುದೆಂದು ನನ್ನನ್ನು ಕೇಳಿದರೆ, ಯಾವುದೂ ಇಲ್ಲವೆಂದೇ ಹೇಳುವೆನು.

ಕಡೆಯದಾಗಿ, ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಅಕಸ್ಮಾತ್ ದೊರೆತ ಆಯುಧದ ವಿಷಯ. ಹಳೆಯ ಮನೆತನಗಳಲ್ಲಿ ಇದು ಅಪೂರ್ವವಲ್ಲ. ಅದು ನಿಷಿದ್ಧ ಅಳತೆಯದಾಗಿರಲಿ ಅಲ್ಲದಿರಲಿ, ಪರವಾನಗಿದಾರನು ತೀರಿಕೊಂಡ ಬಳಿಕ ಅವನ ಪರವಾನಗಿಯ ಬಲದಿಂದ ಮಗನೋ ಮೊಮ್ಮಗನೋ ಅದನ್ನು ಇಟ್ಟುಕೊಳ್ಳುವಂತಿಲ್ಲ. ತಡಮಾಡದೆ ಠಾಣೆಯಲ್ಲಾಗಲಿ ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಠೇವಣಿಯಿಟ್ಟು, ವಾರಸುದಾರನಾಗಿ ಜಿಲ್ಲಾಧಿಕಾರಿಯ ಕಚೇರಿಗೋ, ಬೆಂಗಳೂರಿನಂಥ ನಗರವಾದರೆ ಪೋಲೀಸ್ ಕಮಿಷನರ ಕಚೇರಿಗೋ ಅರ್ಜಿ ಸಲ್ಲಿಸಬೇಕು. ಪರವಾನಗಿ ಬಂದ ಮೇಲೆಯೂ ಅದನ್ನು ಬಲ್ಲ ಕುಶಲಕರ್ಮಿಗೆ ತೋರಿಸದೆ ಹಾರಿಸಲಾಗದು. ಆ ಪೆಟ್ಟಿಗೆಯಲ್ಲೇ ಜೊತೆಗಿದ್ದ, ಹಸಿರು ಹಿಡಿದ ತೋಟಾಗಳನ್ನು ಒಲೆಗಾಗಲಿ ಬಾವಿಗಾಗಲಿ ಎಸೆಯದೆ, ಆಯುಧದೊಡನೆಯೇ ಒಪ್ಪಿಸಿ ರಸೀತಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು.